ಪ್ರಮಾಣಪತ್ರಗಳ ಪ್ರಾಮಾಣ್ಯ

ಕನ್ನಡದಲ್ಲಿ ‘ಪ್ರಮಾಣ’ ಎಂಬ ಮಾತು ಮೂರು ಮನೆಗಳಲ್ಲಿ ವಾಸಮಾಡುತ್ತದೆ. ಅಂಗಡಿಯಲ್ಲಿ ಅದು ಅಳತೆ. ನ್ಯಾಯಾಲಯದ ಕಟಕಟೆಯಲ್ಲಿ ಆಣೆ. ತರ್ಕಶಾಸ್ತ್ರದಲ್ಲಿ ನಿಜವನ್ನು ತಿಳಿಯುವ ಸಾಧನ. ಇಷ್ಟು ತೂಕದ ಮಾತಿಗೆ ‘ಪತ್ರ’ ಎಂಬ ಬಾಲವನ್ನು ಅಂಟಿಸಿದೊಡನೆಯೇ ಅದು ಇಷ್ಟೊಂದು ಹಗುರವಾಗಿಬಿಡುವುದು ಏಕೆ ಎಂಬುದು ಈಚೆಗೆ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಇದು ಹುಟ್ಟಿದ್ದು ಯಾವ ಹಳಗನ್ನಡ ಕಾವ್ಯವನ್ನು ಓದುವಾಗಲೂ ಅಲ್ಲ. ಪ್ರೋಟೀನ್ ಪುಡಿಯ ಡಬ್ಬಿಯೊಂದರ ಮೇಲಿನ ಬರಹವನ್ನು ಓದುವಾಗ.

ಕನ್ನಡ ಪಾಠ ಹೇಳುವವನಿಗೆ ಪ್ರೋಟೀನ್ ಪುಡಿಯ ಉಸಾಬರಿ ಏಕೆ ಎಂದು ಕೇಳುವವರುಂಟು. ಉಸಾಬರಿ ನನ್ನದೇ. ಏಕೆಂದರೆ ಈ ವ್ಯಾಪಾರದಲ್ಲಿ ಪುಡಿಗಿಂತ ಮೊದಲು ಮಾರಾಟವಾಗುವುದು ಮಾತು. ಪುಡಿಯನ್ನು ಯಾರೂ ಮೂಸಿ ನೋಡಿ ಕೊಳ್ಳುವುದಿಲ್ಲ. ಡಬ್ಬಿಗೆ ಮೊಹರು ಹಾಕಿರುತ್ತದೆ. ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ಊದಿ ನೋಡುವಂತೆ, ಬದನೆಕಾಯಿಯನ್ನು ತಿರುಗಿಸಿ ತೂತು ಹುಡುಕುವಂತೆ, ಇಲ್ಲಿ ಕೊಳ್ಳುವವನ ಕಣ್ಣಿಗೂ ಮೂಗಿಗೂ ಕೆಲಸವಿಲ್ಲ. ಅವನಿಗೆ ಉಳಿದಿರುವುದು ಓದುವುದೊಂದೇ. ಓದುವ ವಿದ್ಯೆಯನ್ನು ಕಲಿಸಿ ಸಂಬಳ ತೆಗೆದುಕೊಳ್ಳುವವನು ಅಷ್ಟಾದರೂ ಮಾತನಾಡದಿದ್ದರೆ ಹೇಗೆ?

ಈ ಡಬ್ಬಿಗಳನ್ನು ಕೊಳ್ಳುವವರು ಸಿನಿಮಾ ನಟರು ಮಾತ್ರವೆಂದು ತಿಳಿದವರು ಒಮ್ಮೆ ಯಾವುದಾದರೂ ಕಾಲೇಜಿನ ಹಾಸ್ಟೆಲಿಗೆ ಹೋಗಿ ಬರಬೇಕು. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ಬೆಳಗಿನ ಐದು ಗಂಟೆಗೆ ಓಡುವ ಹುಡುಗರು, ಸೈನ್ಯಕ್ಕೆ ಸೇರಬೇಕೆನ್ನುವವರು, ಸುಮ್ಮನೆ ಎದೆ ಅಗಲವಾಗಲಿ ಎಂದು ಆಸೆಪಡುವವರು, ಎಲ್ಲರ ಮಂಚದ ಕೆಳಗೂ ಒಂದು ಕರಿಯ ಡಬ್ಬಿ. ಒಂದು ಕಿಲೋ ಡಬ್ಬಿಗೆ ಎರಡು, ಮೂರು ಸಾವಿರ ರೂಪಾಯಿ. ಇಬ್ಬರು ಸೇರಿ ಹಣ ಹಾಕಿ ಒಂದನ್ನು ತರುತ್ತಾರೆ. ಅದಕ್ಕಾಗಿ ತಿಂಗಳುಗಟ್ಟಲೆ ಸಂಜೆಯ ತಿಂಡಿಯನ್ನು ಬಿಡುತ್ತಾರೆ. ಅಂದರೆ ಕಣ್ಣಿಗೆ ಕಾಣುವ ಕಡಲೆಕಾಳನ್ನು ಬಿಟ್ಟು, ಕಾಣದ ಪ್ರೋಟೀನನ್ನು ನಂಬಿದ್ದಾರೆ. ನಮ್ಮ ಗರಡಿಮನೆಯ ಪೈಲ್ವಾನರು ಹಾಲು, ಬಾದಾಮಿ, ಮೊಳಕೆಕಾಳು ತಿಂದರು ಎಂದು ನಾನು ಹೇಳಿದರೆ ‘ಅದು ಹಳೆಯ ಕಾಲ ಸಾರ್’ ಎನ್ನುತ್ತಾರೆ. ಇರಲಿ. ಪುಡಿ ತಿನ್ನಬಾರದೆಂದು ನನ್ನ ವಾದವಲ್ಲ. ವೈದ್ಯರು ಬೇಕೆಂದವರಿಗೆ ಬೇಕು. ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯೊಳಗೆ ಇರಬೇಕು, ಬರೆಯದಿರುವುದು ಇರಬಾರದು, ಇವೆರಡನ್ನೂ ಕೊಂಡವನು ತಿಳಿಯಲು ಒಂದು ದಾರಿಯಿರಬೇಕು, ಇಷ್ಟೇ ನನ್ನ ವಾದ. ಈಗ ಆ ದಾರಿ ಇಲ್ಲ. ದಾರಿಯಿದೆಯೆಂಬ ಭ್ರಮೆಯನ್ನು ಹುಟ್ಟಿಸುವ ಕೈಮರಗಳು ಮಾತ್ರ ಧಾರಾಳವಾಗಿವೆ.

ಕೈಮರಗಳನ್ನು ಒಂದೊಂದಾಗಿ ನೋಡೋಣ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಲ್ಯಾಬ್ ಟೆಸ್ಟೆಡ್’ ಎಂದಿರುತ್ತದೆ. ಕನ್ನಡಕ್ಕೆ ತಂದರೆ, ‘ಪ್ರಯೋಗಾಲಯದಲ್ಲಿ ಪರೀಕ್ಷಿಸಲ್ಪಟ್ಟಿದೆ.’ ಕರ್ಮಣಿ ಪ್ರಯೋಗ! ಕರ್ಮಣಿಯಲ್ಲಿ ಕರ್ತೃಪದಕ್ಕೆ ತೃತೀಯಾ ವಿಭಕ್ತಿ ಬರಬೇಕೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಇಲ್ಲಿ ತೃತೀಯಾ ಎಲ್ಲಿ? ಯಾರಿಂದ ಪರೀಕ್ಷಿಸಲ್ಪಟ್ಟಿತು? ಎಂದು? ಯಾವ ವಿಧಾನದಿಂದ? ಫಲಿತಾಂಶವೇನು? ವಿದ್ಯಾರ್ಥಿಯೊಬ್ಬ ‘ನಾನು ಪರೀಕ್ಷೆಗೆ ಕುಳಿತಿದ್ದೇನೆ’ ಎಂದ ಮಾತ್ರಕ್ಕೆ ನಾವು ಅವನಿಗೆ ಪದವಿ ಕೊಟ್ಟುಬಿಡುತ್ತೇವೆಯೇ? ತೇರ್ಗಡೆಯಾದನೋ ಇಲ್ಲವೋ ಎಂದು ಕೇಳುವುದಿಲ್ಲವೆ?

ಅದರ ಪಕ್ಕದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು, ಹದಿನಾಲ್ಕು ಅಂಕಿಯ ಒಂದು ಸಂಖ್ಯೆ. ಇದನ್ನು ಕಂಡು ‘ಸರಕಾರವೇ ನೋಡಿದೆ’ ಎಂದುಕೊಳ್ಳುವವರು ಬಹಳ ಮಂದಿ, ವಿದ್ಯಾವಂತರೂ ಸೇರಿ. ಅದು ಪರವಾನಗಿಯ ಸಂಖ್ಯೆ. ಈ ಹೆಸರಿನವನಿಗೆ ಆಹಾರ ವ್ಯಾಪಾರ ಮಾಡಲು ಅನುಮತಿಯಿದೆ ಎಂದು ಅದರ ಅರ್ಥ. ನಿಮ್ಮ ಕೈಯಲ್ಲಿರುವ ಡಬ್ಬಿಯೊಳಗಿನ ಪುಡಿಯನ್ನು ಸರಕಾರದ ಯಾರಾದರೂ ಕಂಡಿದ್ದಾರೆ ಎಂದು ಅರ್ಥವಲ್ಲ. ಡ್ರೈವಿಂಗ್ ಲೈಸೆನ್ಸಿನ ನಂಬರು ತೋರಿಸಿ ‘ನಾನು ಇವತ್ತು ಕುಡಿದಿಲ್ಲ’ ಎಂದಂತೆ.

ಇನ್ನು ಐ.ಎಸ್.ಒ. ಮತ್ತು ಜಿ.ಎಂ.ಪಿ. ಇವು ಕಾರ್ಖಾನೆಯ ಆಡಳಿತ ಕ್ರಮಕ್ಕೆ, ತಯಾರಿಕೆಯ ಶಿಸ್ತಿಗೆ ಸಂಬಂಧಪಟ್ಟವು, ಡಬ್ಬಿಯೊಳಗಿನ ಗ್ರಾಮುಗಳಿಗಲ್ಲ. ಐ.ಎಸ್.ಒ. ಎಂಬ ಸಂಸ್ಥೆ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದೂ ಇಲ್ಲ. ಅದು ನಿಯಮಗಳನ್ನು ಬರೆಯುತ್ತದೆ, ಪತ್ರ ಕೊಡುವವರು ಬೇರೆಯವರು. ಎನ್.ಎ.ಬಿ.ಎಲ್. ಎಂಬುದು ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಮಂಡಳಿ. ಅದು ಮಾನ್ಯಮಾಡುವುದು ಪ್ರಯೋಗಾಲಯವನ್ನು, ಅದೂ ಪಟ್ಟಿಮಾಡಿದ ಇಂತಿಂಥ ಪರೀಕ್ಷೆಗಳಿಗೆ ಮಾತ್ರ. ಪುಡಿಯನ್ನಲ್ಲ. ಒಂದೊಂದು ಮುದ್ರೆಯೂ ತನ್ನ ಸ್ಥಾನದಲ್ಲಿ ಗೌರವಾರ್ಹವೇ. ಆದರೆ ಎಲ್ಲವನ್ನೂ ಒಟ್ಟಿಗೆ ಡಬ್ಬಿಯ ಹೊಟ್ಟೆಯ ಮೇಲೆ ಮದುವೆಮನೆಯ ತೋರಣದಂತೆ ಕಟ್ಟಿದಾಗ, ಅವುಗಳಲ್ಲಿ ಯಾವುದೂ ಹೇಳದ ಒಂದು ಮಾತನ್ನು ಎಲ್ಲವೂ ಸೇರಿ ಹೇಳುತ್ತವೆ: ‘ಇದು ಶುದ್ಧ, ಇದು ಸರಿ.’ ಸುಳ್ಳನ್ನು ಬರೆಯದೆಯೇ ಸುಳ್ಳನ್ನು ಓದಿಸುವ ಈ ಕಲೆಗೆ ನಮ್ಮ ಅಲಂಕಾರಿಕರು ಹೆಸರಿಟ್ಟಂತೆ ಕಾಣೆ. ‘ಧ್ವನಿ’ ಎನ್ನೋಣವೆಂದರೆ ಆನಂದವರ್ಧನನಿಗೆ ಅಪಚಾರವಾದೀತು.

ಪರೀಕ್ಷೆ ನಡೆದೇ ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಎಂದರೇನು ಎಂಬುದನ್ನು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರು ನನಗೆ ಎರಡು ಕಪ್ಪು ಕಾಫಿಯ ಅವಧಿಯಲ್ಲಿ ತಿಳಿಸಿಕೊಟ್ಟರು. ಆಹಾರದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಹೆಸರಾಂತ ವಿಧಾನ ಕೆಲ್ಡಾಲ್ ಎಂಬ ಡೆನ್ಮಾರ್ಕಿನ ವಿಜ್ಞಾನಿಯದು. 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಬೀರು ತಯಾರಿಸುವ ಧಾನ್ಯವನ್ನು ಪರೀಕ್ಷಿಸುವ ಸಲುವಾಗಿ ಆತ ಇದನ್ನು ಕಂಡುಹಿಡಿದ. ಅವನ ವಿಧಾನ ಪ್ರೋಟೀನನ್ನೇ ಅಳೆಯುವುದಿಲ್ಲ, ಸಾರಜನಕವನ್ನು ಅಳೆಯುತ್ತದೆ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕವಿರುವುದರಿಂದ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನ್ ಇಷ್ಟು ಎನ್ನುತ್ತಾರೆ. ಕೆಲ್ಡಾಲ್ ಪ್ರಾಮಾಣಿಕ ಧಾನ್ಯವನ್ನು ಪರೀಕ್ಷಿಸಿದ. ಧಾನ್ಯಕ್ಕೆ ಮೋಸ ಗೊತ್ತಿಲ್ಲ. ಮನುಷ್ಯನಿಗೆ ಗೊತ್ತಿದೆ.

ಪುಡಿಗೆ ಪ್ರೋಟೀನಲ್ಲದ, ಆದರೆ ಸಾರಜನಕವುಳ್ಳ ಅಗ್ಗದ ವಸ್ತುವನ್ನು ಬೆರೆಸಿದರೆ ಈ ಲೆಕ್ಕ ಅದನ್ನೂ ಪ್ರೋಟೀನೆಂದೇ ಎಣಿಸುತ್ತದೆ. ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ತೆಗೆದುಕೊಳ್ಳಿ. ಅದು ವಿಷವಲ್ಲ. ಆದರೆ ಒಂಟಿ ಗ್ಲೈಸಿನ್ ಹಾಲಿನ ಪ್ರೋಟೀನ್ ಆಗುವುದಿಲ್ಲ. ಒಂದೇ ಅಕ್ಷರವನ್ನು ನೂರು ಸಲ ಬರೆದರೆ ಪದ್ಯವಾಗುವುದಿಲ್ಲವಷ್ಟೆ. ನೂರು ಗ್ರಾಂ ಗ್ಲೈಸಿನ್ನನ್ನು ಈ ಲೆಕ್ಕಕ್ಕೆ ಕೊಟ್ಟರೆ ಸುಮಾರು 117 ಗ್ರಾಂ ‘ಪ್ರೋಟೀನ್’ ಬರುತ್ತದೆ! ಕ್ರಿಯಾಟಿನ್ ಎಂಬುದನ್ನು ಕೊಟ್ಟರೆ ಹತ್ತಿರ ಹತ್ತಿರ ಇನ್ನೂರು. ತಕ್ಕಡಿಯೇ ಸಾಕ್ಷಿ ಹೇಳುವ ಮೋಸ ಇದು. ಒಂದೊಂದು ಅಮೈನೋ ಆಮ್ಲವನ್ನೂ ಬೇರ್ಪಡಿಸಿ, ಯಾವುದು ಪ್ರೋಟೀನಿಗೆ ಸೇರಿದ್ದು, ಯಾವುದು ಬಿಡಿಯಾಗಿ ಬೆರೆತದ್ದು ಎಂದು ಅಳೆಯುವ ವಿಧಾನಗಳಿವೆ. ಅವಕ್ಕೆ ಖರ್ಚು ಹೆಚ್ಚು. ಡಬ್ಬಿಯ ಮೇಲೆ ‘ಪರೀಕ್ಷಿಸಲ್ಪಟ್ಟಿದೆ’ ಎಂದಷ್ಟೇ ಇದ್ದಾಗ, ಪರೀಕ್ಷೆ ಅಗ್ಗದ್ದೋ ನಿಜವಾದದ್ದೋ ಹೇಗೆ ತಿಳಿಯಬೇಕು?

ಇದೆಲ್ಲ ಹೊಟ್ಟೆತುಂಬಿದವರ ತರ್ಕವೆಂದು ತಳ್ಳಿಹಾಕುವವರು ಚೀನಾ ದೇಶದ ತಾಯಂದಿರನ್ನು ನೆನೆಯಬೇಕು. ಹಾಲಿಗೆ ನೀರು ಬೆರೆಸಿದರೆ ಸಾರಜನಕ ಕಡಿಮೆಯಾಗಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಮೆಲಮಿನ್ ಎಂಬ ಪುಡಿಯನ್ನು ಬೆರೆಸಿದರು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕ. ಹಾಲು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಆ ಹಾಲಿನಿಂದಾದ ಪುಡಿಯನ್ನು ಕುಡಿದ ಸುಮಾರು ಮೂರು ಲಕ್ಷ ಕೂಸುಗಳು ಮೂತ್ರಪಿಂಡದ ಕಲ್ಲು ಮೊದಲಾದ ತೊಂದರೆಗಳಿಗೆ ಸಿಕ್ಕವು; ಆರು ಕೂಸುಗಳು ಸತ್ತವು. ಇದು 2008ರ ಮಾತು. ಅದರ ಹಿಂದಿನ ವರ್ಷವೇ, ಚೀನಾದಿಂದ ಹೋದ ಗೋಧಿಯ ಅಂಟಿನಲ್ಲಿ ಇದೇ ಮೆಲಮಿನ್ ಸಿಕ್ಕು, ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಆಹಾರವನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿದ್ದರು. ನಾಯಿ ಬೆಕ್ಕುಗಳು ಕೊಟ್ಟ ಎಚ್ಚರಿಕೆಯನ್ನು ಮಕ್ಕಳ ವಿಷಯದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಪ್ರಕರಣದ ಕೇಂದ್ರದಲ್ಲಿದ್ದ ಸನ್ಲು ಕಂಪನಿಯ ಬಗ್ಗೆ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದರ ಹಾಲಿನ ಪುಡಿಗೆ ಆ ದೇಶದ ಗುಣಮಟ್ಟ ಇಲಾಖೆ ಒಂದು ವಿಶೇಷ ಗೌರವ ಕೊಟ್ಟಿತ್ತು. ಯಾವ ಗೌರವ ಬಲ್ಲಿರಾ? ತಪಾಸಣೆಯಿಂದ ವಿನಾಯಿತಿ! ಇವರ ಮಾಲು ಎಷ್ಟು ಚೆನ್ನಾಗಿದೆಯೆಂದರೆ ಇನ್ನು ನೋಡುವ ಅಗತ್ಯವೇ ಇಲ್ಲ ಎಂಬ ಮುದ್ರೆ. ಮಕ್ಕಳು ಸತ್ತ ಮೇಲೆ, ಅದೇ ವರ್ಷ, ಆ ಪದ್ಧತಿಯನ್ನೇ ರದ್ದುಪಡಿಸಿದರು. ಮುಂದಿನ ವರ್ಷ ಇಬ್ಬರಿಗೆ ಮರಣದಂಡನೆಯೂ ಆಯಿತು. ಮುದ್ರೆ ಪರೀಕ್ಷೆಯ ಫಲವಾಗಿರುವ ಬದಲು ಪರೀಕ್ಷೆಗೆ ಬದಲಿಯಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆಯನ್ನು ನಾನು ತರಲಾರೆ.

ನಮ್ಮ ದೇಶದಲ್ಲಿ ಹಾಗಾಗಿಲ್ಲವೆನ್ನುತ್ತೀರಾ? ಕೂಸುಗಳು ಸತ್ತಿಲ್ಲ, ನಿಜ. ಆದರೆ ಕೇರಳದ ಯಕೃತ್ತಿನ ರೋಗಗಳ ತಜ್ಞ ಡಾ. ಸಿರಿಯಕ್ ಆಬಿ ಫಿಲಿಪ್ಸ್ ಮತ್ತು ಅವರ ಸಂಗಡಿಗರು 36 ಬಗೆಯ ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿ 2024ರಲ್ಲಿ ‘ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು 70ರಲ್ಲಿ ಪ್ರೋಟೀನಿನ ಲೆಕ್ಕ ತಪ್ಪು. ಕೆಲವದರಲ್ಲಿ ಹೇಳಿದ್ದರ ಅರ್ಧದಷ್ಟೇ. ನೂರಕ್ಕೆ ಸುಮಾರು 14ರಲ್ಲಿ ಬೂಷ್ಟಿನಿಂದ ಹುಟ್ಟುವ, ಯಕೃತ್ತಿಗೆ ಮಾರಕವಾದ ಅಫ್ಲಟಾಕ್ಸಿನ್. 8ರಲ್ಲಿ ಕೀಟನಾಶಕದ ಶೇಷ. ಮೂವತ್ತಾರು ಡಬ್ಬಿ ಇಡೀ ಮಾರುಕಟ್ಟೆಯಲ್ಲವೆಂದು ಉತ್ಪಾದಕರು ಹೇಳಬಹುದು. ಹೇಳಲಿ. ಹಾಗಾದರೆ ಉಳಿದ ಡಬ್ಬಿಗಳ ವರದಿಗಳನ್ನು ತೋರಿಸುವ ಭಾರ ಯಾರದು? ಆಸ್ಪತ್ರೆಯ ಡಾಕ್ಟರರದೋ, ಹಾಸ್ಟೆಲಿನ ಹುಡುಗರದೋ?

ಕಾನೂನು ಇಲ್ಲವೆಂದಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯಿದೆ. ಪೂರಕ ಆಹಾರಗಳಿಗೆಂದೇ 2016ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿದೆ. ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂದು ಡಬ್ಬಿಯ ಮೇಲೆ ಅಚ್ಚುಮಾಡಬೇಕು. ಮಾಡಿದ್ದಾರೆ, ಭೂತಗನ್ನಡಿಯಿಟ್ಟು ಓದಿಕೊಳ್ಳಬಹುದು. ತಯಾರಕನು ಆರು ತಿಂಗಳಿಗೊಮ್ಮೆಯಾದರೂ ತನ್ನ ಮಾಲನ್ನು ಪರೀಕ್ಷೆ ಮಾಡಿಸಬೇಕೆಂಬುದು ಪರವಾನಗಿಯ ಷರತ್ತು. ಆದರೆ ಮಾದರಿಯನ್ನು ಆರಿಸುವವನು ಅವನು, ಪ್ರಯೋಗಾಲಯವನ್ನು ಗೊತ್ತುಮಾಡುವವನು ಅವನು, ಶುಲ್ಕ ಕೊಡುವವನೂ ಅವನು. ವಿದ್ಯಾರ್ಥಿಯೇ ಪ್ರಶ್ನೆಪತ್ರಿಕೆಯನ್ನು ಆರಿಸಿ, ಮೌಲ್ಯಮಾಪಕನಿಗೆ ಸಂಭಾವನೆ ಕೊಟ್ಟು, ಉತ್ತರಪತ್ರಿಕೆಯನ್ನು ತಾನೇ ಹೊತ್ತು ಒಯ್ಯುವ ವಿಶ್ವವಿದ್ಯಾಲಯ ಯಾವುದಾದರೂ ಇದ್ದರೆ ಅಲ್ಲಿ ನಪಾಸಾದವರ ಸಂಖ್ಯೆಯನ್ನು ತಿಳಿಯುವ ಕುತೂಹಲ ನನಗಿದೆ. ನಾವು ಒಬ್ಬ ಹುಡುಗನ ಹದಿನೈದು ಅಂಕದ ಪ್ರಬಂಧವನ್ನು ತಿದ್ದುವಾಗಲೂ ಅವನ ನಂಬರನ್ನು ಮುಚ್ಚಿ, ಬೇರೆ ಊರಿನ ಅಧ್ಯಾಪಕರ ಮುಂದೆ ಇಡುತ್ತೇವೆ.

ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯಿಂದ ಮಾದರಿ ತೆಗೆದರೆ ಕ್ರಮ ಬೇರೆ, ನಿಜವಾಗಿಯೂ ಒಳ್ಳೆಯ ಕ್ರಮ. ಮಾದರಿಯನ್ನು ನಾಲ್ಕು ಭಾಗ ಮಾಡುತ್ತಾರೆ. ವಿಶ್ಲೇಷಕರು ಹದಿನಾಲ್ಕು ದಿನಗಳಲ್ಲಿ ವರದಿ ಕೊಡಬೇಕು. ವಿವಾದವಾದರೆ ಉಲ್ಲೇಖ ಪ್ರಯೋಗಾಲಯದ ತೀರ್ಪೇ ಕೊನೆಯದು. ಅಂಥ ಉಲ್ಲೇಖ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮೈಸೂರಿನದೇ, ಚೆಲುವಾಂಬ ವಿಲಾಸದಲ್ಲಿ 1950ರಿಂದ ಇರುವ ಕೇಂದ್ರ ಆಹಾರ ಸಂಶೋಧನಾಲಯ. ವಿದ್ಯೆ ನಮ್ಮ ಮನೆಯ ಹಿತ್ತಲಲ್ಲೇ ಇದೆ. ಅದನ್ನು ಕರೆಯುವುದು ಜಗಳ ಹತ್ತಿದ ಮೇಲೆ ಮಾತ್ರ.

ಕೊಂಡವನೇ ಪರೀಕ್ಷೆ ಮಾಡಿಸಬಹುದಲ್ಲ ಎನ್ನುವವರು ಕಾಯಿದೆಯ 40ನೆಯ ಪ್ರಕರಣವನ್ನು ಓದಬೇಕು. ಕೊಂಡವನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ದೋಷ ಕಂಡರೆ ಶುಲ್ಕ ವಾಪಸು. ಬಹಳ ಸಂತೋಷ. ಆದರೆ ಒಂದು ಕಟ್ಟಳೆಯಿದೆ: ಕೊಳ್ಳುವಾಗಲೇ ‘ಇದನ್ನು ನಾನು ಪರೀಕ್ಷೆಗೆ ಕಳುಹಿಸಲಿದ್ದೇನೆ’ ಎಂದು ವ್ಯಾಪಾರಿಗೆ ತಿಳಿಸಿರಬೇಕು! ಹುಲಿಗೆ ಮೊದಲೇ ನೋಟೀಸು ಕೊಟ್ಟು ಬೇಟೆಗೆ ಹೊರಡಿ ಎಂದಂತಾಯಿತು. ಇನ್ನು ದಂಡದ ಮಾತು. ಹೆಸರುಪಟ್ಟಿಯಲ್ಲಿ ಸುಳ್ಳು ಬರೆದ ಮಾಲಿಗೆ ಹೆಚ್ಚೆಂದರೆ ಮೂರು ಲಕ್ಷ ರೂಪಾಯಿ, ಮಟ್ಟ ಕಡಿಮೆಯಾದರೆ ಐದು ಲಕ್ಷ. ಎರಡೂವರೆ ಸಾವಿರ ರೂಪಾಯಿಯ ಡಬ್ಬಿಗಳಲ್ಲಿ ಲೆಕ್ಕ ಹಾಕಿದರೆ ಮೂರು ಲಕ್ಷವೆಂದರೆ 120 ಡಬ್ಬಿಗಳ ಬೆಲೆ. ದೊಡ್ಡ ವ್ಯಾಪಾರಿ ಇದನ್ನು ದಂಡವೆಂದು ತಿಳಿಯುತ್ತಾನೋ ಜಾಹೀರಾತಿನ ಖರ್ಚೆಂದು ತಿಳಿಯುತ್ತಾನೋ ನೀವೇ ಊಹಿಸಿ.

‘ಅಮೆರಿಕದಂಥ ಅಮೆರಿಕದಲ್ಲೂ ಹೀಗೆಯೇ’ ಎಂಬ ಸಮಾಧಾನವನ್ನು ನನಗೆ ಹೇಳಿದವರಿದ್ದಾರೆ. ಹೌದು, 1994ರಲ್ಲಿ ಅಲ್ಲಿ ಬಂದ ಕಾಯಿದೆಯ ಪ್ರಕಾರ ಪೂರಕ ಆಹಾರವನ್ನು ಮಾರುಕಟ್ಟೆಗೆ ತರುವ ಮೊದಲು ಸರಕಾರದ ಒಪ್ಪಿಗೆ ಬೇಕಿಲ್ಲ. ಅದರ ಫಲವನ್ನು ಅವರೂ ಉಣ್ಣುತ್ತಿದ್ದಾರೆ. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ನಾಲ್ಕು ದೊಡ್ಡ ವ್ಯಾಪಾರ ಸಂಸ್ಥೆಗಳ ಗಿಡಮೂಲಿಕೆ ಮಾತ್ರೆಗಳನ್ನು ಡಿ.ಎನ್.ಎ. ಪರೀಕ್ಷೆಗೆ ಒಳಪಡಿಸಿದಾಗ, ಐದರಲ್ಲಿ ಒಂದು ಪಾಲು ಪರೀಕ್ಷೆಗಳಲ್ಲಿ ಮಾತ್ರ ಹೆಸರಿಸಿದ ಗಿಡದ ಗುರುತು ಸಿಕ್ಕಿತು. ದೊಡ್ಡ ಗದ್ದಲವಾಯಿತು. ಉತ್ಪಾದಕರು, ‘ಗಿಡದ ಸಾರವನ್ನು ಕುದಿಸಿ ತೆಗೆಯುವಾಗ ಡಿ.ಎನ್.ಎ. ನಾಶವಾಗುತ್ತದೆ, ನಿಮ್ಮ ಪರೀಕ್ಷೆಯೇ ಇದಕ್ಕೆ ಸಲ್ಲದು’ ಎಂದರು. ಆ ಮಾತಿನಲ್ಲಿ ಹುರುಳಿತ್ತು, ಅವರ ಕಡೆಯವರಲ್ಲದ ವಿಜ್ಞಾನಿಗಳೂ ಒಪ್ಪಿದರು. ನಾನೂ ಒಪ್ಪುತ್ತೇನೆ. ಆದರೆ, ಸ್ವಾಮಿ, ನನ್ನ ವಾದವೂ ಅದೇ ಅಲ್ಲವೆ? ಸರಕಾರದ ಪರೀಕ್ಷೆ ನಿಮಗೆ ವಿರುದ್ಧವಾದಾಗ ‘ಯಾವ ವಿಧಾನ?’ ಎಂದು ಕೇಳುವ ಹಕ್ಕು ನಿಮಗಿದ್ದರೆ, ನಿಮ್ಮ ಪರೀಕ್ಷೆ ನಿಮಗೆ ಅನುಕೂಲವಾದಾಗ ಅದೇ ಪ್ರಶ್ನೆಯನ್ನು ಕೇಳುವ ಹಕ್ಕು ನಮಗೇಕೆ ಇಲ್ಲ?

ನಾನು ಕೇಳಿಯೂ ನೋಡಿದೆ. ನಮ್ಮ ವಿದ್ಯಾರ್ಥಿಯೊಬ್ಬ ಕೊಂಡ ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಬರೆದು, ಆ ಬ್ಯಾಚಿನ ವರದಿಯ ಪ್ರತಿಯನ್ನು ದಯವಿಟ್ಟು ಕಳುಹಿಸಬೇಕೆಂದು ಕಂಪನಿಯೊಂದಕ್ಕೆ ಪತ್ರ ಹಾಕಿದೆ. ಮೂರು ವಾರದ ಮೇಲೆ ಉತ್ತರ ಬಂತು. ಲಕೋಟೆಯಲ್ಲಿ ಕಾರ್ಖಾನೆಯ ಐ.ಎಸ್.ಒ. ಪತ್ರದ ಒಂದು ನಕಲು, ಬಣ್ಣದ ಒಂದು ಪುಸ್ತಿಕೆ, ಮುಂದಿನ ಖರೀದಿಯಲ್ಲಿ ನೂರಕ್ಕೆ ಹತ್ತು ರಿಯಾಯಿತಿಯ ಚೀಟಿ. ವರದಿಯ ಮಾತು ಎತ್ತಿರಲಿಲ್ಲ.

ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಮುಚ್ಚಿದ ಡಬ್ಬಿಯ ಮುಂದೆ ಮೊದಲ ಮೂರೂ ನಿಷ್ಪ್ರಯೋಜಕ; ಉಳಿದದ್ದು ಶಬ್ದ. ಆದರೆ ಎಲ್ಲ ಶಬ್ದವೂ ಪ್ರಮಾಣವಲ್ಲ, ಆಪ್ತನ ಮಾತು ಮಾತ್ರ ಪ್ರಮಾಣ. ಆಪ್ತನೆಂದರೆ ವಸ್ತುವನ್ನು ತಾನು ಕಂಡವನು, ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಎರಡೂ ಬೇಕು. ಮಾರುವವನಿಂದ ಶುಲ್ಕ ಪಡೆದ ಪ್ರಯೋಗಾಲಯ ಮೊದಲನೆಯದನ್ನು ಪೂರೈಸೀತು. ಎರಡನೆಯದನ್ನು ನಾವು ಕಣ್ಣುಮುಚ್ಚಿ ನಂಬಬೇಕೆನ್ನುವುದು ಅತಿಯಾಯಿತು.

‘ಇಷ್ಟೆಲ್ಲ ಪರೀಕ್ಷೆಗೆ ಖರ್ಚು ಯಾರು ಕೊಡಬೇಕು, ಬೆಲೆ ಏರುವುದಿಲ್ಲವೆ?’ ಎಂಬುದು ಉತ್ಪಾದಕರ ಕೊನೆಯ ಅಸ್ತ್ರ. ಬೀದಿಯಲ್ಲಿ ಸೊಪ್ಪು ಮಾರುವವಳ ತಕ್ಕಡಿ, ತೂಕದ ಕಲ್ಲುಗಳಿಗೂ ಕಾನೂನು ಮಾಪನ ಇಲಾಖೆಯವರ ಮುದ್ರೆ ಬೀಳಬೇಕು. ಗಡುವು ಮುಗಿದಾಗಲೆಲ್ಲ ಅವಳು ಶುಲ್ಕ ಕೊಟ್ಟು ಹಾಕಿಸಿಕೊಳ್ಳಬೇಕು. ಹತ್ತು ರೂಪಾಯಿ ಸೊಪ್ಪಿನವಳು ಹೊರುವ ಭಾರವನ್ನು ಮೂರು ಸಾವಿರದ ಡಬ್ಬಿಯವನು ಹೊರಲಾರನೆ? ಚಿನ್ನದ ಒಡವೆಗಳಿಗೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿ ಬಂತು. ಆಗಲೂ ವ್ಯಾಪಾರಿಗಳು ಇದೇ ಗೋಳನ್ನು ತೋಡಿಕೊಂಡರು. ಈಗ ಒಂದೊಂದು ಒಡವೆಯ ಮೇಲೂ ಆರು ಅಕ್ಷರಗಳ ಗುರುತಿದೆ. ಮಾನಕ ಸಂಸ್ಥೆಯ ಆ್ಯಪಿನಲ್ಲಿ ಅದನ್ನು ಒತ್ತಿದರೆ ಅಂಗಡಿಯವನು ಯಾರು, ಒರೆಗೆ ಹಚ್ಚಿದವರು ಯಾರು, ಶುದ್ಧತೆ ಎಷ್ಟು ಎಂದೆಲ್ಲ ಮೊಬೈಲಿನ ಮೇಲೆ ಬರುತ್ತದೆ. ಕಿವಿಗೆ ಹಾಕಿಕೊಳ್ಳುವ ಓಲೆಗೆ ಇರುವ ಜಾತಕ ಹೊಟ್ಟೆಗೆ ಹಾಕಿಕೊಳ್ಳುವ ಪುಡಿಗಿಲ್ಲ. ನಮ್ಮ ಹಿರಿಯರು ಹೊಲ ಅಳೆಯುವ ಕೋಲಿನ ಉದ್ದವನ್ನು ದೇವಾಲಯದ ಗೋಡೆಯ ಮೇಲೆ ಕೊರೆದಿಟ್ಟ ನಿದರ್ಶನಗಳು ದಕ್ಷಿಣದಲ್ಲಿವೆ. ಅಳತೆ ಅಧಿಕಾರಿಯ ಪೆಟ್ಟಿಗೆಯಲ್ಲಿರಲಿಲ್ಲ, ಬಿಸಿಲಿನಲ್ಲಿತ್ತು. ಸಂಶಯ ಬಂದ ಒಕ್ಕಲಿಗ ಹೋಗಿ ಕೋಲನ್ನು ಹಿಡಿದು ನೋಡಬಹುದಾಗಿತ್ತು.

ಪುಡಿಗೂ ಅಷ್ಟೇ ಮಾಡಲಿ. ಮಾದರಿಯನ್ನು ಕಾರ್ಖಾನೆಯಿಂದಲ್ಲ, ಅಂಗಡಿಯ ಹಲಗೆಯಿಂದ ತೆಗೆಯಲಿ. ತಯಾರಕರೆಲ್ಲರಿಂದ ಶುಲ್ಕವನ್ನು ಪ್ರಾಧಿಕಾರವೇ ವಸೂಲುಮಾಡಿ, ಯಾವ ಮಾಲು ಯಾವ ಪ್ರಯೋಗಾಲಯಕ್ಕೆ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಲಿ. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಒತ್ತಿದರೆ ಆ ಬ್ಯಾಚಿನ ವರದಿ, ಪರೀಕ್ಷೆಯ ದಿನಾಂಕ, ಪರೀಕ್ಷಿಸಿದವರ ಹೆಸರು, ವಿಧಾನ, ಸಾರಜನಕದ ಲೆಕ್ಕವೋ ಅಮೈನೋ ಆಮ್ಲಗಳ ಲೆಕ್ಕವೋ, ಸೀಸ ಎಷ್ಟು, ಅಫ್ಲಟಾಕ್ಸಿನ್ ಎಷ್ಟು, ಎಲ್ಲ ಕಾಣಲಿ. ಕನ್ನಡದಲ್ಲಿಯೂ ಕಾಣಲಿ. ಅಲ್ಲಿಯವರೆಗೆ ‘ಪರೀಕ್ಷಿಸಲ್ಪಟ್ಟಿದೆ’ ಎಂಬ ಕರ್ತೃವಿಲ್ಲದ ವಾಕ್ಯವನ್ನು ಡಬ್ಬಿಗಳ ಮೇಲೆ ಅಚ್ಚುಮಾಡುವುದನ್ನು ನಿಷೇಧಿಸಲಿ.

ನನ್ನ ಮಾತು ಅನ್ಯಾಯವೆಂದು ಯಾವ ತಯಾರಕರಿಗಾದರೂ ತೋರಿದರೆ ಉತ್ತರ ಕೊಡುವುದು ಸುಲಭ. ಈ ತಿಂಗಳು ಅಂಗಡಿಯಲ್ಲಿರುವ ತಮ್ಮ ಯಾವುದಾದರೂ ಒಂದು ಬ್ಯಾಚಿನ ಪೂರ್ಣ ವರದಿಯನ್ನು, ವಿಧಾನದ ಹೆಸರಿನೊಡನೆ, ಪತ್ರಿಕೆಗೆ ಕಳುಹಿಸಿಕೊಡಲಿ. ನಮ್ಮ ರಸಾಯನಶಾಸ್ತ್ರದ ಮಿತ್ರರು ಅದನ್ನು ಓದಿ ಹೇಳಲು ಒಪ್ಪಿದ್ದಾರೆ. ರಿಯಾಯಿತಿಯ ಚೀಟಿ ಬೇಡ.